ಋಣದ ತಂತಿ

"ದಾರಿಯ ನಟ್ಟನಡುವಿಗೆ ಬೆಳಕೇ ಬೀಳುತ್ತಿಲ್ಲ"
ಎಂದರು ಮೆಟ್‌ಕಾಫ್, ಬೇಲಿಯಾಚೆಯಿಂದ,
ತಪ್ಪೆಲ್ಲ ಕಾರಿನದೇ ಎಂಬಂತೆ.
ಅರವತ್ತಾರರ ಮಾರಿಸ್ ಮೈನರ್. ಹಿಂಬದಿಯ
ಮರದ ಚೌಕಟ್ಟಿನಲ್ಲಿ ಪಾಚಿ ಬೆಳೆದಿದೆ,
ಅದನ್ನು ಅವರು ಕೆರೆಯುವುದಿಲ್ಲ.
ಬುಧವಾರ ಹಾರ್ಟನ್, ಭಾನುವಾರ ಇನ್ನೆರಡು ಹಳ್ಳಿ,
ಐವತ್ತೊಂದು ವರ್ಷ ಚಾಪೆಲ್ಲುಗಳಲ್ಲಿ ಆರ್ಗನ್ ನುಡಿಸಲು
ಇದರಲ್ಲೇ ಹೋಗಿ ಬಂದವರು.

ಊರಿನ ಹೆಸರೇ ಸೆಟ್ಲ್.
ನವೆಂಬರಿಗೆ ನಾಲ್ಕೂವರೆಗೆಲ್ಲ ಕತ್ತಲು.
ನಾನು ಕ್ವಾರಿ ಲಾರಿಗಳ ವೈರಿಂಗ್ ನೋಡುವವಳು;
ಶನಿವಾರ ಬರುತ್ತೇನೆ ಎಂದೆ.

ಬಾನೆಟ್ ಎತ್ತಿದರೆ ಬಿರುಕು ಬಿಟ್ಟ ತಂತಿ,
ಹಿಸುಕಿದರೆ ಹಸಿರು ಪುಡಿ.
ಮೀಟರಿನ ಮೊನೆ ಇಟ್ಟೆ: ಬ್ಯಾಟರಿಯಲ್ಲಿ ಹನ್ನೆರಡೂವರೆ,
ದೀಪದ ಬುಡಕ್ಕೆ ಬರುವಷ್ಟರಲ್ಲಿ ಹತ್ತು.
ಎರಡೂವರೆ ವೋಲ್ಟು ದಾರಿಖರ್ಚು,
ತಿಂಗಳ ಸಂಬಳ ಮನೆ ಮುಟ್ಟುವ ಹಾಗೆ.
ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚು, ಪಾಪ,
ಇಡೀ ಕರೆಂಟನ್ನು ಒಂಟಿಯಾಗಿ ಹೊತ್ತು
ಮೈ ಬಿಸಿ ಮಾಡಿಕೊಂಡಿತ್ತು.
ಎರಡು ರಿಲೇ ಕೂರಿಸಿದೆ. ಇನ್ನು ನೀನು
ಬರೀ ಕಣ್ಸನ್ನೆ ಮಾಡು, ಹೊರುವವರು ಹೊರುತ್ತಾರೆ.

ಎಚ್ಚರ ಬೇಕಿತ್ತು. ಈ ಕಾರಿನದು ತಲೆಕೆಳಗು ಸಂಸಾರ:
ಧನವನ್ನು ಭೂಮಿಗೆ ಕೊಟ್ಟುಬಿಟ್ಟಿದೆ,
ದೀಪಕ್ಕೆ ಬರುವ ತಂತಿ ಋಣದ್ದು.
ಹರಿಹರದ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಅಪ್ಪ
ಬ್ಯಾಟರಿಗೆ ನೀರು ಹನಿಸುತ್ತ ಹೇಳುತ್ತಿದ್ದ:
ಕೆಂಪು ಧನ, ಕಪ್ಪು ಋಣ, ಬೆರೆತರೆ ಬೆಂಕಿ.
ಋಣದಲ್ಲೂ ದೀಪ ಉರಿಯುತ್ತದೆ ಅಂತ ಹೇಳಿರಲಿಲ್ಲ.
ಗೊತ್ತಿತ್ತು ಅವನಿಗೆ. ಅಂಗಡಿ ನಡೆದದ್ದೇ ಹಾಗೆ.

ಹೊಸ ಕನ್ನಡಿ, ಹ್ಯಾಲೋಜನ್ ಬಲ್ಬು.
ಕತ್ತಲಾದ ಮೇಲೆ ಚಾಪೆಲ್ಲಿನ ಹಿಂಗೋಡೆಗೆ
ಸೀಮೆಸುಣ್ಣದಲ್ಲಿ ಗೆರೆ ಎಳೆದು
ಇಪ್ಪತ್ತೈದು ಅಡಿ ದೂರದಿಂದ ದೀಪ ಹಾಕಿದೆ.
ಗೋಡೆ ಎದ್ದು ನಿಂತಿತು.
ಕಲ್ಲುಕಲ್ಲಿನ ಸಂದಿ, ಸಂದಿಯ ಜರಿಗಿಡ,
ಅಂಟಿಕೊಂಡಿದ್ದ ಒಂದು ಬಸವನಹುಳು ಕೂಡ.
ಮೀಟರು ಹನ್ನೆರಡು ಪಾಯಿಂಟ್ ಮೂರು.

"ಚೆನ್ನಾಗಿದೆ" ಎಂದರು. ತುಸು ತಡೆದು,
"ನಡುವೆ ಮಾತ್ರ ಇನ್ನೂ ಇಲ್ಲ."

ಗೋಡೆ ನೋಡಿದೆ. ಎಲ್ಲಕ್ಕಿಂತ ಬೆಳಕು ನಡುವೆಯೇ.
ಆಮೇಲೆ ಅವರನ್ನು ನೋಡಿದೆ.
ನನ್ನ ಮುಖ ಕಾಣಲು ಅವರು
ನನ್ನ ಕಿವಿಯ ಕಡೆ ನೋಡುತ್ತಿದ್ದರು.

ನಮ್ಮ ಕಡೆ ಲಾರಿದೀಪದ ನಡುವಿಗೆ
ಕಪ್ಪು ಬೊಟ್ಟು ಬಳಿಯುತ್ತಿದ್ದರು,
ಎದುರಿನವನ ಕಣ್ಣು ಕುಕ್ಕದಿರಲೆಂದು.
ಬೇಸಿಗೆ ರಜೆಯಲ್ಲಿ ಅದು ನನ್ನ ಕೆಲಸ, ದೀಪಕ್ಕೆ ಎಂಟಾಣೆ.
ಲಾರಿಗೂ ದೃಷ್ಟಿ ತಾಗುತ್ತದೆ ಅಂತ ತಿಳಿದಿದ್ದೆ.
ಅದೇ ಬೊಟ್ಟನ್ನು ಯಾರೋ ಒಳಗಿನಿಂದ ಬಳಿದಿದ್ದಾರೆ,
ಇವರ ಎರಡೂ ಕಣ್ಣಿಗೆ.

ನಾನು ಸ್ಪ್ಯಾನರುಗಳನ್ನು ಒಂದೊಂದೇ ಒರೆಸಿದೆ,
ಒರೆಸಿದ್ದನ್ನೇ ಮತ್ತೆ.
"ಆಸ್ಪತ್ರೆಯ ಕಾಗದ ಬಂದು ಮೂರು ವಾರವಾಯ್ತು" ಎಂದರು.
"ಮೊದಲು ಕಾರಿನದು ನೋಡಿಬಿಡೋಣ ಅಂದುಕೊಂಡೆ."

ಬುಧವಾರ ಸಂಜೆ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು
ಅವರು ಎಡಗಡೆ ಹೋಗಿ ಕೂತರು,
ತೊಡೆಯ ಮೇಲೆ ಸ್ವರಲಿಪಿಯ ಚೀಲ.
ಹಾರ್ಟನ್ ದಾರಿ. ಗಾರೆಯಿಲ್ಲದ ಕಲ್ಲುಗೋಡೆಗಳ ನಡುವೆ
ಬೆಳಕು ನಮಗಿಂತ ಮುಂದೆ ಓಡುತ್ತಿತ್ತು,
ಕುರಿಗಳ ಕಣ್ಣು ಹಸಿರು ಹಸಿರಾಗಿ ಹೊತ್ತಿಕೊಂಡವು.
ತಿರುವು ಬರುವ ಮೊದಲೇ ಅವರು ಹೇಳುತ್ತಿದ್ದರು:
ಈಗ ಎಡ. ಈಗ ಸೇತುವೆ, ಉಬ್ಬಿದೆ, ನಿಧಾನ.

ಎದುರಿಗೆ ಹಾಲಿನ ಟ್ಯಾಂಕರು.
ಈ ಕಾರಿನಲ್ಲಿ ದೀಪ ತಗ್ಗಿಸುವ ಗುಂಡಿ ನೆಲದಲ್ಲಿ, ಎಡಗಾಲಿಗೆ.
ನನ್ನ ಕಾಲು ಹುಡುಕುತ್ತಿರುವಾಗಲೇ
ಪಕ್ಕದಲ್ಲಿ, ಏನೂ ಇಲ್ಲದ ರಬ್ಬರ್ ಹಾಸಿನ ಮೇಲೆ,
ಅವರ ಎಡಗಾಲು ಒತ್ತಿತು.
ಆಮೇಲೆ ನಾನು ಒತ್ತಿದೆ.
ಟ್ಯಾಂಕರು ತಾನೂ ತಗ್ಗಿಸಿಕೊಂಡು
ಹಾದುಹೋಯಿತು.